ಹೋಗುವವರಿಗೆ ಮಾತ್ರ

ದೊಡ್ಡಮ್ಮನ ಎಡಗಾಲಿನ ಕಿರುಬೆರಳಿಗೆ ಉಗುರಿರಲಿಲ್ಲ. ಉಗುರು ಇರಬೇಕಾದ ಕಡೆ ಹುಣಸೆಬೀಜದಷ್ಟು ನುಣ್ಣಗಿನ, ಕಂದಿದ ಚರ್ಮ. ಮಳೆಗಾಲದಲ್ಲಿ ಅದು ಬಿಳಿಚಿಕೊಳ್ಳುತ್ತಿತ್ತು, ಬೇಸಿಗೆಯಲ್ಲಿ ಎಣ್ಣೆ ಸವರಿದಂತೆ ಹೊಳೆಯುತ್ತಿತ್ತು. ಸುಂಟಿಕೊಪ್ಪದಲ್ಲಿ ಕಾಫಿ ಒಣಗಿಸುವ ಕಣದ ಹಿಂದಿನ ಸಾಲುಮನೆಗಳಲ್ಲಿ ಅವರದೂ ನಮ್ಮದೂ ಪಕ್ಕಪಕ್ಕ. ಎರಡು ಮನೆಗೂ ಸೇರಿ ಒಂದೇ ಒಗೆಯುವ ಕಲ್ಲು. ಹಾಗಾಗಿ ಆ ಬೆರಳನ್ನು ನಾನು ದಿನವೂ ನೋಡುತ್ತಿದ್ದೆ. ಏನಾಯಿತೆಂದು ಕೇಳಿದರೆ, "ಕಾಲು ಕಣವ್ವ, ನಡೆದದೆ, ಸವೆದದೆ," ಎಂದು ಬಟ್ಟೆ ಹಿಂಡುತ್ತಿದ್ದರು.

ಒಂದು ದಿನ ಕಣ್ಣೂರಿನ ಕಡೆಯ ಬಡಗಿಯೊಬ್ಬ ಬಂದ. ಅವರ ಮುಖವನ್ನು ಅವನು ನೋಡುತ್ತಿದ್ದುದು ಅದೇ ಮೊದಲು. ಅವನಿಗೆ ಆಫ್ರಿಕಾದಲ್ಲಿ ಕೆಲಸ ಸಿಕ್ಕಿತ್ತು. ಅವನು ಕಾಫಿ ಕುಡಿದು ಲೋಟ ಕೆಳಗಿಡುವಷ್ಟರಲ್ಲಿ ಆ ಬೆರಳಿನ ಪೂರ್ತಿ ಚರಿತ್ರೆ ಅವನ ಕಿವಿ ಸೇರಿತ್ತು. ಆ ದೇಶದ ಧೂಳಿನಲ್ಲಿ ಎಳ್ಳಿಗಿಂತ ಸಣ್ಣ ಹುಳ ಇರುತ್ತದೆ. ಉಗುರಿನ ಸಂದಿಗೆ ಹೊಕ್ಕು ಅಲ್ಲೇ ಮೊಟ್ಟೆ ಇಡುತ್ತದೆ. ಕಾಯಿಸಿದ ಸೂಜಿಯಿಂದ ಮೊಟ್ಟೆಯ ಚೀಲ ಒಡೆಯದ ಹಾಗೆ ತೆಗೆಯಬೇಕು. ನಾಳೆ ತೆಗೆದರಾಯಿತು ಅಂದರೆ ಉಗುರು ಹೋಗುತ್ತದೆ. "ನೋಡಪ್ಪ, ಮುಟ್ಟಿ ನೋಡು. ಬಚ್ಚಲಿಗೂ ಚಪ್ಪಲಿ ಹಾಕ್ಕಂಡೇ ಹೋಗ್ಬೇಕು," ಎಂದು ಅವನ ಮುಂದೆ ಕಾಲು ಚಾಚಿದರು.

ನಾನು ದಾಸವಾಳದ ಬೇಲಿಯ ಈಚೆ ಒದ್ದೆ ಸೀರೆ ಹಿಡಿದು ನಿಂತಿದ್ದೆ. ನನ್ನ ಹೊಟ್ಟೆಕಿಚ್ಚು ಶುರುವಾದದ್ದು ಆವತ್ತೇ ಎಂದು ಬರೆದರೆ ಓದಲು ಚೆನ್ನಾಗಿರುತ್ತದೆ. ಅದಕ್ಕೂ ಹಿಂದೆಯೇ ಶುರುವಾಗಿತ್ತೇನೋ. ಹೊಟ್ಟೆಕಿಚ್ಚಿಗೆ ಹುಟ್ಟಿದ ದಿನ ಗೊತ್ತಿರುವುದಿಲ್ಲ.

ಊರಿನವರೆಲ್ಲ ಅವರನ್ನು ಉಗಾಂಡದ ದೊಡ್ಡಮ್ಮ ಎನ್ನುತ್ತಿದ್ದರು. ನನಗೆ ಬರೀ ದೊಡ್ಡಮ್ಮ. ರಕ್ತಸಂಬಂಧ ಏನೂ ಇರಲಿಲ್ಲ. ನಮ್ಮವರ ಹಾಗೆಯೇ ಅವರ ಹಿರಿಯರೂ ಹಾಸನದ ಕಡೆಯಿಂದ ಬಂದು ಇಲ್ಲಿ ನೆಲೆ ನಿಂತವರು, ಅಷ್ಟೇ. ಅವರ ಗಂಡ ಇಲ್ಲಿನ ಒಂದು ಎಸ್ಟೇಟಿನಲ್ಲಿ ರೈಟರ್ ಆಗಿದ್ದರು. ಅಲ್ಲಿಯ ದೊರೆ ತೋಟ ಮಾರಿ ಉಗಾಂಡದ ಪಶ್ಚಿಮದ ಗುಡ್ಡಗಳಲ್ಲಿ, ಫೋರ್ಟ್ ಪೋರ್ಟಲ್ ಎಂಬ ಪೇಟೆಯ ಹತ್ತಿರ, ಕಾಫಿ ಹಾಕಿದ. ಲೆಕ್ಕ ಬರೆಯಲು ಗೊತ್ತಿದ್ದ ಕೈ ಬೇಕು ಎಂದು ರೈಟರನ್ನೂ ಕರೆಸಿಕೊಂಡ. ಗಂಡನ ಹಿಂದೆ ದೊಡ್ಡಮ್ಮ ಹೋದರು. ರೈಟರ್ ಅಲ್ಲೇ ತೀರಿಕೊಂಡರು. ದೊಡ್ಡಮ್ಮ ಒಂದು ತಗಡಿನ ಪೆಟ್ಟಿಗೆಯೊಂದಿಗೆ ವಾಪಸಾದರು. "ಹೋಗುವಾಗ ಕೊಡಗಿಗೆ ಒಬ್ಬ ಕಮಿಷನರ್ ದೊರೆ ಇದ್ದ. ಬರುವಾಗ ನೋಡಿದ್ರೆ ಮೈಸೂರಿನ ಒಂದು ಜಿಲ್ಲೆ! ನಾನು ಇಲ್ಲದಿದ್ದಾಗ ಊರನ್ನೇ ಮದುವೆ ಮಾಡಿ ಕಳಿಸಿಬಿಟ್ಟವ್ರೆ," ಎಂದು ನಗುತ್ತಿದ್ದರು. ಆಫ್ರಿಕಾದ ಹೆಸರು ಬರುವ ಮಾತುಗಳಲ್ಲಿ ಅವರು ಎಲ್ಲರೆದುರು ಆಡುತ್ತಿದ್ದುದು ಇದೊಂದೇ.

ಉಳಿದದ್ದು ಹೋಗುವವರಿಗೆ ಮಾತ್ರ. ಅದು ಅವರ ಕಾನೂನು. ಟಿಕೆಟ್ ಆಗಿರಬೇಕು, ಇಲ್ಲವೇ ಕೆಲಸ ಗಟ್ಟಿಯಾಗಿರಬೇಕು. ಬಾವಿಕಟ್ಟೆಯ ಹೆಂಗಸರು ಸಿಂಹದ ಕಥೆ ಹೇಳಿ ಎಂದು ಪೀಡಿಸಿದರೆ, "ಸಿಂಹ ನೋಡ್ಬೇಕಾ? ಮೈಸೂರಿಗೆ ಹೋಗ್ರವ್ವ, ಬೋನಲ್ಲಿ ಮಲಗಿಸಿ ತೋರಿಸ್ತಾರೆ," ಎನ್ನುತ್ತಿದ್ದರು. ಹೋಗುವವನು ಯಾರೇ ಆಗಲಿ, ಎಸ್ಟೇಟಿನ ಗುಮಾಸ್ತನಾಗಲಿ, ಅಂಗಡಿಯಲ್ಲಿ ಕೂರಲು ಹೊರಟ ಹುಡುಗನಾಗಲಿ, ಗಂಡನ ಬಳಿಗೆ ಹೊರಟ ಮದುಮಗಳಾಗಲಿ, ಅವರ ಜಗಲಿಯ ಮೇಲೆ ತನ್ನ ಪೆಟ್ಟಿಗೆ ತಂದಿಟ್ಟು ಬೀಗ ತೆಗೆಯಬೇಕು. ದೊಡ್ಡಮ್ಮ ಒಂದೊಂದೇ ಸಾಮಾನು ಎತ್ತಿ, ಎಡಕ್ಕೋ ಬಲಕ್ಕೋ ಇಡುತ್ತಾ ದೇಶ ಪರಿಚಯ ಮಾಡಿಸುತ್ತಿದ್ದರು. ಕೊಡಗಿನಿಂದ ಹೊರಟವರ ಪೆಟ್ಟಿಗೆಯಲ್ಲಿ ಒಂದು ಡಬ್ಬ ತಪ್ಪದೆ ಇರುತ್ತಿತ್ತು, ಕಾಫಿಪುಡಿ. ಕಾಫಿ ಬೆಳೆಯುವ ದೇಶಕ್ಕೆ ಕಾಫಿಪುಡಿಯೇ ಎಂದು ಜೊತೆಗೆ ಬಂದ ನೆಂಟರು ನಕ್ಕರೆ ದೊಡ್ಡಮ್ಮನಿಗೆ ಖುಷಿ. "ನಗಬೇಡಿ. ನಮ್ಮ ರೊಬಸ್ಟಾ ಅಲ್ಲಿ ಕಾಡಲ್ಲೇ ಬೆಳೀತದೆ. ಆದ್ರೆ ಅವ್ರು ಕುಡಿಯಲ್ಲ. ಬೀಜ ಬೇಯಿಸಿ ಒಣಗಿಸಿ, ಬಂದವ್ರ ಮುಂದೆ ಸಣ್ಣ ಬುಟ್ಟೀಲಿ ಇಡ್ತಾರೆ. ಅಡಿಕೆ ಅಗಿದಂಗೆ ಅಗೀಬೇಕು. ಡಬ್ಬ ಇಟ್ಕ." ಕಣ್ಣೂರಿನ ಬಡಗಿ ಒಂದು ಗೋಣಿ ಒಣಮೀನು ತಂದಿದ್ದ. "ಅವಿಡೆ, ಅಲ್ಲಿ, ಕಡಲಿಲ್ಲ ಅಂತ ಹೇಳಿದ್ರು ಅಮ್ಮಾ, ಮೀನಿಲ್ಲದೆ ಹೇಗೆ?" ಎಂದು ಅವನ ಪ್ರಶ್ನೆ. ದೊಡ್ಡಮ್ಮ ಸೆರಗಿನಿಂದ ಮೂಗು ಮುಚ್ಚಿಕೊಂಡು ಗೋಣಿಯನ್ನು ಅಂಗಳಕ್ಕೆ ಎಳೆಸಿದರು. ಕಡಲಿಲ್ಲ, ಆದರೆ ಈಚೆ ದಡದಲ್ಲಿ ನಿಂತರೆ ಆಚೆ ದಡ ಕಾಣದ ಕೆರೆ ಇದೆ, ಅದರ ಮೀನನ್ನು ಮರದ ಕೆಳಗೆ ಕೂತು ಮಾರುತ್ತಾರೆ ಎಂದು ಹೇಳಿದರು. ಒಣಮೀನನ್ನು ಆ ವಾರವೆಲ್ಲ ನಮ್ಮ ಸಾಲಿನವರೇ ತಿಂದೆವು.

ಇದೆಲ್ಲ ನನಗೆ ಬೇಲಿಯ ಸಂದಿಯಿಂದ ಸಿಕ್ಕಿದ್ದು. ಎದುರಿಗೆ ಕೂರಿಸಿಕೊಂಡು ಹೇಳಿದ್ದಲ್ಲ. ಅರ್ಧ ಮಾತು ಕಣದಲ್ಲಿ ಕಾಫಿ ಎಳೆಯುವ ಹಲಗೆಯ ಸದ್ದಿನಲ್ಲಿ ಹೋಗುತ್ತಿತ್ತು. ಆ ಅರ್ಧವನ್ನು ನಾನೇ ತುಂಬಿಕೊಂಡಿರಬಹುದು.

ಆಗ ನಾನು ಅಲ್ಲಿಯ ಶಾಲೆಯಲ್ಲಿ ಕನ್ನಡ ಕಲಿಸುತ್ತಿದ್ದೆ. ಮದುವೆಯಾಗಿರಲಿಲ್ಲ, ಅಣ್ಣ ಅತ್ತಿಗೆಯ ಜೊತೆ ಇದ್ದೆ. ಮೈಸೂರು ಸರ್ಕಾರದ ಹೊಸ ಪಠ್ಯಪುಸ್ತಕಗಳು ಬಂದಿದ್ದವು. ಮೈಸೂರನ್ನೇ ನೋಡಿರದ ಮಕ್ಕಳಿಗೆ ಅದರ ಅರಮನೆಯ ಪಾಠ ಮಾಡುತ್ತಿದ್ದೆ. ನಮ್ಮ ಶಾಲೆಯಲ್ಲೇ ಮಂಗಳೂರು ಕಡೆಯ ಹೊಲಿಗೆ ಟೀಚರ್ ಇದ್ದಳು. ನನ್ನದೇ ವಯಸ್ಸು. ಮಧ್ಯಾಹ್ನದ ಬುತ್ತಿ ಒಟ್ಟಿಗೆ ಬಿಚ್ಚುತ್ತಿದ್ದೆವು. ಫೋರ್ಟ್ ಪೋರ್ಟಲಿನಲ್ಲಿ ಗುಜರಾತಿ ವರ್ತಕರು ನಡೆಸುವ ಶಾಲೆಗೆ ಒಬ್ಬ ಟೀಚರ್ ಬೇಕು, ಹೆಂಗಸಾದರೆ ಒಳ್ಳೆಯದು ಎಂಬ ಸುದ್ದಿ ಬಂದಾಗ ಇಬ್ಬರೂ ಅರ್ಜಿ ಹಾಕಿದೆವು. ನಾನು ಹಾಕಿದ್ದು ಹೋಗಲೇಬೇಕೆಂದು. ಅವಳು ಹಾಕಿದ್ದು ನಾನು ಹಾಕಿದೆನೆಂದು.

ಅರ್ಜಿ ಹೋದ ದಿನ ಸಂಜೆ ದೊಡ್ಡಮ್ಮನ ಜಗಲಿಗೆ ಹೋಗಿ ಕೂತೆ.

"ಇನ್ನಾದ್ರೂ ನಂಗೆ ಹೇಳಿ."

"ಏನ್ ಹೇಳಾದು?"

"ಆ ಊರಿನ ವಿಷಯ."

"ಕೆಲಸ ಆಗ್ಲಿ. ಪೆಟ್ಟಿಗೆ ತಗಂಡು ಬಾ," ಎಂದರು. ಅವರೆಕಾಯಿ ಬಿಡಿಸುತ್ತಿದ್ದವರು ತಲೆ ಎತ್ತಲಿಲ್ಲ. ಒಂದು ಹಿಡಿ ಕಾಯಿಯನ್ನು ನನ್ನ ಮುಂದಕ್ಕೂ ತಳ್ಳಿದರು. ಬಿಡಿಸಿಕೊಟ್ಟು ಬಂದೆ.

ಸ್ವಲ್ಪ ದಿನಕ್ಕೆ ಆ ಶಾಲೆಯ ಶೇಟ್ ಒಬ್ಬರು ಗುಜರಾತಿನ ತಮ್ಮ ಊರಿಗೆ ಬಂದವರು ಕೊಡಗಿಗೂ ಬಂದರು. ದೊಡ್ಡಮ್ಮನನ್ನು ಅವರಿಗೆ ಅಲ್ಲಿಂದಲೇ ಪರಿಚಯ. ಸಾಲುಮನೆಯ ಮುಂದೆ ಕಾರು ನಿಂತಿತು. ದೊಡ್ಡಮ್ಮ ಬೇಲಿಯಾಚೆಯಿಂದ, "ಒಳ್ಳೆ ಕಾಫಿ ಮಾಡ್ಕಂಡು ಬಾರವ್ವ, ನಿನ್ನ ಕೈ ಕಾಫಿ ಚೆಂದ," ಎಂದು ಕೂಗಿದರು. ಹಿತ್ತಾಳೆ ತಟ್ಟೆಯಲ್ಲಿ ಲೋಟಗಳನ್ನಿಟ್ಟುಕೊಂಡು ಹೋದೆ. ಅವರಿಬ್ಬರೂ ಮಾತಾಡುತ್ತಿದ್ದುದು ಸ್ವಾಹಿಲಿಯಲ್ಲಿ. ದೊಡ್ಡಮ್ಮನ ಬಾಯಲ್ಲಿ ಆ ಭಾಷೆ ಕೇಳಿದ್ದು ಅದೇ ಮೊದಲು. ಧ್ವನಿಯೇ ಬೇರೆಯಾಗಿತ್ತು, ಅಗಲವಾಗಿತ್ತು, ಪ್ರಾಯದ ಹೆಂಗಸಿನದಾಗಿತ್ತು. ಶೇಟ್ ನನ್ನನ್ನು ನೋಡಿ ಏನೋ ಕೇಳಿದರು. ದೊಡ್ಡಮ್ಮ ನನ್ನನ್ನು ನೋಡದೆ ಏನೋ ಹೇಳಿದರು. ಅವರು ತಲೆಯಾಡಿಸಿ ನಕ್ಕರು. ನಾನೂ ನಕ್ಕೆ, ತಟ್ಟೆ ಹಿಡಿದುಕೊಂಡು.

ಕೆಲಸ ಹೊಲಿಗೆ ಟೀಚರಿಗೆ ಆಯಿತು. ಅವರಿಗೆ ಹೊಲಿಗೆ ಬೇಕಿತ್ತಂತೆ, ಕನ್ನಡ ಬೇಕಿರಲಿಲ್ಲವಂತೆ. ಇದರಲ್ಲಿ ಅನ್ಯಾಯ ಹುಡುಕಲು ಎಷ್ಟೋ ಪ್ರಯತ್ನಪಟ್ಟೆ, ಸಿಗಲಿಲ್ಲ. ಅನ್ಯಾಯ ಸಿಗದಿದ್ದರೆ ಹೊಟ್ಟೆಕಿಚ್ಚು ಇನ್ನೂ ಹೆಚ್ಚು ಉರಿಯುತ್ತದೆ. ಯಾರನ್ನೂ ಬೈಯುವ ಹಾಗಿಲ್ಲ. ಅವಳೋ ಬುತ್ತಿಯ ಮುಂದೆ ಕೂತು ಕಣ್ಣೀರು ಹಾಕಿದಳು.

"ಅಲ್ಲಿ ಕಡಲೇ ಇಲ್ವಂತೆ ಮಾರಾಯ್ತಿ. ನನಗೆ ಹುಟ್ಟಿದಾಗಿಂದ ಕಡಲಿನ ಗಾಳಿ ಬೇಕು. ಇಲ್ಲಿಯಾದರೆ ಬಸ್ಸು ಹಿಡಿದು ಹೋಗ್ಬಹುದು. ಅಲ್ಲಿಂದ ಎಂತ ಮಾಡುದು ನಾನು?"

ನಾನು ಚಿತ್ರಾನ್ನದ ಡಬ್ಬಿ ಮುಚ್ಚಿದೆ. ಕಡಲಿಲ್ಲದ ದೇಶ ನನಗೆ ಹೊಸದೇನಲ್ಲ. ಕೊಡಗಿಗೆ ಯಾವ ಕಡಲಿದೆ? ನಮಗೆ ರೈಲು ಕೂಡ ಇಲ್ಲ.

ಆ ಭಾನುವಾರ ಅವಳ ಪೆಟ್ಟಿಗೆ ದೊಡ್ಡಮ್ಮನ ಜಗಲಿ ಏರಿತು. ನಾನು ಬೇಲಿಯ ಈಚೆ ಒಂದೇ ಸೆರಗನ್ನು ಮತ್ತೆ ಮತ್ತೆ ಜಾಲಾಡುತ್ತಿದ್ದೆ. ದೊಡ್ಡಮ್ಮ ಶುರುಮಾಡಿದರು, ಎಲ್ಲರಿಗೂ ಶುರುಮಾಡುವ ಹಾಗೆಯೇ:

"ಆ ದೇಶಕ್ಕೆ ಕಡಲಿಲ್ಲ. ಅದಕ್ಕೇ ಅಲ್ಲಿಗೆ ಹೋಗ್ಬೇಕಾದ್ರೆ ಇನ್ನೊಬ್ಬರ ಮನೆ ಅಂಗಳ ದಾಟಿ ಹೋದಂಗೆ. ಬೊಂಬಾಯಲ್ಲಿ ಹಡಗು. ಮೊಂಬಾಸಾದಲ್ಲಿ ಇಳಿ. ಅಲ್ಲಿಂದ ರೈಲು. ಕಂಪಾಲದಲ್ಲಿ ಇಳಿದು ಬಸ್ಸು. ಅದು ಬಿಡು, ಯಾರಾದ್ರೂ ಕರ್ಕಂಡು ಹೋಯ್ತಾರೆ. ಈ ವಾಯಿಲ್ ಸೀರೆ ಎಲ್ಲ ಯಾಕೆ? ಆಫ್ರಿಕಾ ಅಂದ್ರೆ ಬರೀ ಬಿಸಿಲು ಅಂದ್ಕಂಡೆಯಾ? ನೀನು ಹೋಗೋದು ಗುಡ್ಡಕ್ಕೆ. ಮಡಿಕೇರಿ ಚಳಿ ಇರ್ತದೆ. ಸ್ವೆಟರ್ ಎಲ್ಲಿ? ಮೋಡ ಸರಿದ ದಿವಸ ಬೆಟ್ಟದ ತಲೆ ಮೇಲೆ ಹಿಮ ಕಾಣ್ತದೆ, ಮೊಸರು ಚೆಲ್ಲಿದಂಗೆ. ಬೇಗ ಎದ್ದರೆ ಕಾಣ್ತದೆ, ಕಸ ಗುಡಿಸಿ ಬರ್ತೀನಿ ಅಂದ್ರೆ ಹೋಗಿಬಿಡ್ತದೆ."

"ಮಳೆ ಉಂಟಾ ದೊಡ್ಡಮ್ಮ?"

"ನಮ್ಮಂಗೆ ತಿಂಗಳುಗಟ್ಟಲೆ ಮುಖ ಊದಿಸ್ಕಂಡು ಕೂರಲ್ಲ. ಮಧ್ಯಾಹ್ನ ಬತ್ತದೆ, ಬಡೀತದೆ, ಹೋಯ್ತದೆ. ವರ್ಷಕ್ಕೆ ಎರಡು ಮಳೆಗಾಲ. ಸೊಳ್ಳೆಪರದೆ ಮೊದಲು ಇಡು, ಸೀರೆ ಆಮೇಲೆ. ನೀರು ಕಾಯಿಸದೆ ಕುಡೀಬೇಡ. ಅನ್ನ ಅನ್ನ ಅಂತ ಬಡ್ಕಬೇಡ. ಬಾಳೆಕಾಯಿ ಸಿಪ್ಪೆ ತೆಗ್ದು ಎಲೇಲಿ ಸುತ್ತಿ ಹಬೇಲಿ ಬೇಯಿಸ್ತಾರೆ, ಅದೇ ಅವರ ಊಟ. ಅಲ್ಲಿ ರಾಗಿ ಅದೆ ಕಣವ್ವ! ರಾಗಿ! ಬಿಸಿನೀರಿಗೆ ಹಿಟ್ಟು ಹಾಕಿ ಕೋಲಲ್ಲಿ ತಿರುವಿ, ಮುಚ್ಚಳ ಇರೋ ಬುಟ್ಟೀಲಿ ತಂದಿಡ್ತಾರೆ. ಎಲ್ಲರೂ ಅದರಲ್ಲೇ ಚಿವುಟಿ ತಿನ್ನಬೇಕು. ಮೊದಲ ದಿವಸ ನಾನು ಆ ಬುಟ್ಟಿ ಮುಚ್ಚಳ ತೆಗ್ದು..." ಅಲ್ಲಿ ದೊಡ್ಡಮ್ಮ ನಿಲ್ಲಿಸಿದರು. ಹೊಲಿಗೆ ಟೀಚರ್ ರಾಗಿ ಮುಟ್ಟಿದವಳಲ್ಲ. ಆ ಮಾತು ಅವಳಿಗೆ ಏನೂ ಮಾಡಲಿಲ್ಲ. ನನ್ನ ಬಾಯಲ್ಲಿ ನೀರೂರಿತು, ಕಣ್ಣಲ್ಲೂ.

ಆಮೇಲೆ ದೊಡ್ಡಮ್ಮ ಬೇಲಿಯ ಕಡೆ ತಿರುಗಿ, "ಆ ಸೆರಗು ಹರಿದು ಹೋಯ್ತದೆ, ಸಾಕು ಬಿಡು. ಬಾ ಇಲ್ಲಿ, ಒಬ್ಬಳು ಬೇಕು," ಎಂದರು.

ಹೋದೆ. ಅಲ್ಲಿಯವರು ಒಬ್ಬರನ್ನೊಬ್ಬರು ಮಾತಾಡಿಸುವ ಕ್ರಮವನ್ನು ಹೊಲಿಗೆ ಟೀಚರಿಗೆ ಮಾಡಿ ತೋರಿಸಬೇಕಿತ್ತು. ಅವಳು ಅತಿಥಿ, ನಾನು ಆ ಊರಿನ ಮನೆಯಾಕೆ. ಆ ಸೀಮೆಯಲ್ಲಿ ಪ್ರತಿಯೊಬ್ಬರಿಗೂ ಇಟ್ಟ ಹೆಸರಲ್ಲದೆ ಇನ್ನೊಂದು ಮುದ್ದಿನ ಹೆಸರಿರುತ್ತದೆ, ಅದಕ್ಕೆ ಎಂಪಾಕೊ ಅನ್ನುತ್ತಾರೆ. ಇಡೀ ಸೀಮೆಗೆ ಒಂದು ಡಜನ್ನಿನಷ್ಟು ಹೆಸರು, ಅವುಗಳಲ್ಲೇ ಒಂದು. ಎದುರು ಸಿಕ್ಕವರ ಆ ಹೆಸರು ಕೇಳದೆ ಕ್ಷೇಮ ಕೇಳುವಂತಿಲ್ಲ. ಪರದೇಶದವರು ಬಂದು ನಾಲ್ಕು ದಿನ ನಿಂತರೆ ಅವರಿಗೂ ಒಂದನ್ನು ಕೊಡುತ್ತಾರೆ. ದೊಡ್ಡಮ್ಮ ಹೊಲಿಗೆ ಟೀಚರಿಗೆ ಅಲ್ಲೇ ಅಕೀಕಿ ಎಂದು ಹೆಸರು ಕೊಟ್ಟರು. ಹೆಸರು ಕೊಟ್ಟಾಗ ರಾಗಿ ತಿನ್ನಿಸುವುದು ಅಲ್ಲಿಯ ಕ್ರಮ ಎಂದು ಒಂದು ತುತ್ತು ಮುದ್ದೆ ತಿನ್ನಿಸಿದರು. ಅವಳು ಮುಖ ಹುಳ್ಳಗೆ ಮಾಡಿ ನುಂಗಿದಳು.

"ಈಗ ಇಬ್ಬರೂ ಮೊಣಕಾಲೂರಿ. ಹೆಂಗಸರು ಹಂಗೇ ಮಾತಾಡ್ಸಾದು."

"ಅಯ್ಯೋ, ಇಗರ್ಜಿಯಲ್ಲಿ ಬಿಟ್ಟು ನಾನು ಎಲ್ಲಿಯೂ ಮೊಣಕಾಲು ಹಾಕ್ಲಿಲ್ಲ ದೊಡ್ಡಮ್ಮ!"

"ಏಸುವಿಗೆ ನಾನು ಹೇಳ್ಕತೀನಿ. ಊರು."

ಊರಿದೆವು. ನಾನು ಅವಳ ಹೆಸರು ಕೇಳಿದೆ. ಅಕೀಕಿ ಎಂದಳು. ಅವಳು ನನ್ನ ಹೆಸರು ಕೇಳಿದಳು. ನನಗೆ ಯಾರೂ ಕೊಟ್ಟಿರಲಿಲ್ಲ. ದೊಡ್ಡಮ್ಮನ ಮುಖ ನೋಡಿದೆ. "ಏನಾದ್ರೂ ಒಂದು ಹೇಳು, ಆಟ ತಾನೆ," ಎಂದರು.

ಒಗೆಯುವ ಕಲ್ಲಿನ ಹತ್ತಿರ ಸುಸ್ತಾದಾಗ ದೊಡ್ಡಮ್ಮ ಸೊಂಟದ ಮೇಲೆ ಕೈಯಿಟ್ಟು ತಮ್ಮಷ್ಟಕ್ಕೆ ಒಂದು ಮಾತು ಹೇಳಿಕೊಳ್ಳುತ್ತಿದ್ದರು: ಸಾಕು ಕಣೇ ಅಬ್ವೋಲಿ. ಅದು ಯಾವುದೋ ದೇವರ ಹೆಸರೆಂದೋ, ತೀರಿಹೋದ ಮಗುವಿನದೆಂದೋ ನಾನು ತಿಳಿದಿದ್ದೆ.

"ಅಬ್ವೋಲಿ," ಎಂದೆ.

ದೊಡ್ಡಮ್ಮನ ಕೈಯಲ್ಲಿದ್ದ ಸ್ವೆಟರು ಪೆಟ್ಟಿಗೆಯ ಮೇಲೆ ಹಾಗೆಯೇ ನಿಂತಿತು. ಎಡಕ್ಕೂ ಇಲ್ಲ, ಬಲಕ್ಕೂ ಇಲ್ಲ.

"ಅದು ಬೇಡ. ಬೇರೆ ಇಟ್ಕ."

"ಯಾಕೆ ದೊಡ್ಡಮ್ಮ, ಚಂದ ಉಂಟಲ್ಲ?" ಎಂದಳು ಹೊಲಿಗೆ ಟೀಚರ್.

"ಅದು ಖಾಲಿ ಇಲ್ಲ," ಎಂದು ಒಳಗೆ ಹೋದರು. ತುಂಬ ಹೊತ್ತು ಬರಲಿಲ್ಲ. ನಾವಿಬ್ಬರೂ ಮೊಣಕಾಲ ಮೇಲೇ ಇದ್ದೆವು. ಅವರು ಕೊಡದ ಒಂದು ವಸ್ತು ನನ್ನ ಕೈಗೆ ಸಿಕ್ಕಿದ ಖುಷಿ ನನಗೆ. ಅದನ್ನು ವಾಪಸು ಕೊಡುವ ಮನಸ್ಸು ಸ್ವಲ್ಪವೂ ಇರಲಿಲ್ಲ.

ಹೊಲಿಗೆ ಟೀಚರ್ ಮೈಸೂರಿನ ಬಸ್ಸು ಹತ್ತಿದ ಬೆಳಿಗ್ಗೆ ದೊಡ್ಡಮ್ಮನೂ ನಾನೂ ಸ್ಟ್ಯಾಂಡಿಗೆ ಹೋಗಿದ್ದೆವು. ಅವಳು ಕಿಟಕಿಯಿಂದ ಅಳುತ್ತಾ ಕೈ ಬೀಸಿದಳು. ಹೋಗುವವರು ಅಳುತ್ತಾರೆ, ನಿಂತವರು ನಗಬೇಕು. ಬಸ್ಸಿನ ಹೊಗೆ ಇಳಿಯುವ ಮೊದಲೇ ದೊಡ್ಡಮ್ಮ ನನ್ನ ಕಡೆ ತಿರುಗದೆ ಹೇಳಿದರು:

"ಅವತ್ತು ಶೇಟ್ ಕೇಳಿದ್ದು ಅದನ್ನೇ. ಇಬ್ಬರಲ್ಲಿ ಯಾರನ್ನ ಕಳಿಸ್ಲಿ ಅಂತ. ಕಾಫಿ ತಂದವಳು ಬುದ್ಧಿವಂತೆ ಥರ ಕಾಣ್ತಾಳೆ ಅಂದ. ನಾನು ಅವಳ ಹೆಸರು ಹೇಳ್ದೆ."

"ಯಾಕೆ?"

"ಅವಳು ಹೋದ್ರೆ ಸಂಬಳ ತತ್ತಾಳೆ. ನೀನು ಹೋದ್ರೆ ನನ್ನ ದೇಶಾನೇ ತಗಂಬಿಡ್ತೀಯ."

ಅವರೇ ಮುಂದುವರಿಸಿದರು. "ಹೊಟ್ಟೆ ಉರಿಯೋದು ನಿಂಗೊಬ್ಬಳಿಗೇ ಅಂದ್ಕಂಡಿದ್ದೀಯಾ? ಒಬ್ಬೊಬ್ಬರ ಪೆಟ್ಟಿಗೆ ಕಟ್ಟುವಾಗ್ಲೂ ನನ್ನ ಹೊಟ್ಟೆ ಹೆಂಗೆ ಉರೀತದೆ ಗೊತ್ತಾ? ದಡ್ಡರಿಗೆ ಆದ್ರೆ ಕಟ್ಟಿಕೊಡಬಹುದು. ಅವರು ನೋಡಿದ್ರೂ ನೋಡದಂಗೆ ಬತ್ತಾರೆ."

ಹೀಗೆ ಅಂದರು ಎಂದು ನನ್ನ ನೆನಪು. ಅತ್ತಿಗೆ ಬೇರೆಯೇ ಹೇಳುತ್ತಾಳೆ. "ಅದೆಲ್ಲ ನಿನ್ನ ತಲೆ. 'ಅವಳನ್ನ ಕಳಿಸಿ ನಾನು ಪಕ್ಕದ ಮನೆ ಬಾಗಿಲು ಮುಚ್ಚಿರೋದು ನೋಡ್ಕಂಡು ಹೆಂಗಿರಲಿ' ಅಂತ ನನ್ನ ಹತ್ರ ಅತ್ತವ್ರೆ." ಇರಬಹುದು. ಎರಡೂ ನಿಜವಿರಬಹುದು. ನನಗೆ ಎರಡರಲ್ಲಿ ಒಂದನ್ನು ಆರಿಸಿಕೊಳ್ಳಿ ಎಂದರೆ ಹೊಟ್ಟೆಕಿಚ್ಚಿನದೇ ಬೇಕು. ಅದರಲ್ಲಿ ಮರ್ಯಾದೆ ಹೆಚ್ಚು.

ಆ ಮಳೆಗಾಲ ಪೂರ್ತಿ ನಾನು ಅವರನ್ನು ಮಾತಾಡಿಸಲಿಲ್ಲ. ಒಗೆಯುವ ಕಲ್ಲಿಗೆ ಅವರು ಎದ್ದು ಹೋದ ಮೇಲೆ ಹೋಗುತ್ತಿದ್ದೆ. ಕಲ್ಲಿನ ಮೇಲೆ ಅವರು ಬಿಟ್ಟು ಹೋದ ಸೋಪಿನ ಚೂರು ಇರುತ್ತಿತ್ತು, ಮುಟ್ಟುತ್ತಿರಲಿಲ್ಲ. ತಪ್ಪಾಯಿತೆಂದು ಈಗಲೂ ಅನ್ನಿಸುವುದಿಲ್ಲ. ನನ್ನ ಬದುಕಿನ ಒಂದೇ ಒಂದು ಹಡಗನ್ನು ಅವರು ಒಂದು ಲೋಟ ಕಾಫಿ ಮುಗಿಯುವಷ್ಟರಲ್ಲಿ ಬೇರೆಯವರಿಗೆ ಕೊಟ್ಟಿದ್ದರು, ನಾನೇ ಮಾಡಿದ ಕಾಫಿ.

ಮಳೆ ನಿಂತು ಕಣದಲ್ಲಿ ಮತ್ತೆ ಕಾಫಿ ಹರಡುವ ಹೊತ್ತಿಗೆ ದೊಡ್ಡಮ್ಮ ಮಲಗಿದರು. ಎದೆಯಲ್ಲಿ ನೀರು ಎಂದರು ಡಾಕ್ಟರು. ಅತ್ತಿಗೆ ಗಂಜಿ ಕೊಂಡೊಯ್ಯುತ್ತಿದ್ದಳು. ಒಂದು ದಿನ ಶಾಲೆಯಿಂದ ಬಂದ ನನ್ನ ಕೈಗೆ ಗಂಜಿಯ ಪಾತ್ರೆ ಕೊಟ್ಟು, "ನೀನೇ ಹೋಗು. ನಾನು ತಂದ್ರೆ ಮುಖ ತಿರುಗಿಸ್ಕತಾರೆ. ಇಬ್ಬರದೂ ಒಂದೇ ಹಟ," ಎಂದಳು.

ಹೋಗಿ ಮಂಚದ ಪಕ್ಕ ಕೂತೆ. ದೊಡ್ಡಮ್ಮ ಗಂಜಿಯ ಕಡೆ ನೋಡಲಿಲ್ಲ.

"ಆ ದೇಶಕ್ಕೆ ಕಡಲಿಲ್ಲ," ಎಂದರು.

"ನಾನು ಹೋಗ್ತಿಲ್ಲ ದೊಡ್ಡಮ್ಮ."

"ಗೊತ್ತು. ಬಾಯಿ ಮುಚ್ಕಂಡು ಕೇಳು. ಬೊಂಬಾಯಲ್ಲಿ ಹಡಗು ಹತ್ತುವಾಗ ಕೆಳಗೆ ನೋಡಬೇಡ."

ಅಂದಿನಿಂದ ದಿನವೂ ಶಾಲೆ ಬಿಟ್ಟ ಮೇಲೆ ಕೇಳಿದೆ. ಬೇರೆಯವರಿಗೆ ನಾಲ್ಕು ಮಾತಿನಲ್ಲಿ ಮುಗಿಸುತ್ತಿದ್ದ ದಾರಿಯನ್ನು ನನಗೆ ಮೊಳ ಮೊಳ ಬಿಚ್ಚಿದರು. ಹಡಗಿನಲ್ಲಿ ಪಂಜಾಬಿನ ಬಡಗಿಗಳು ಹಾಡಿದ್ದು, ಗುಜರಾತಿ ಹೆಂಗಸೊಬ್ಬಳು ತನ್ನ ತುಳಸಿಗಿಡಕ್ಕೆ ಕುಡಿಯುವ ನೀರಿನಲ್ಲಿ ಪಾಲು ಕೊಟ್ಟಿದ್ದು. ಮೊಂಬಾಸಾದಲ್ಲಿ ರೈಲು ಹತ್ತುವ ಮೊದಲು ರೈಟರ್ ಕೊಡಿಸಿದ ಎಳನೀರು ನಮ್ಮ ಎಳನೀರಿಗಿಂತ ಉಪ್ಪು ಹೆಚ್ಚಿದ್ದದ್ದು. ಕೊಡಗಿನಿಂದ ಹೊರಟ ಹೆಂಗಸು, ರೈಲೆಂದರೆ ಏನೆಂದು ಬೊಂಬಾಯಿಗೆ ಹೊರಟಾಗ ಮೈಸೂರಿನಲ್ಲಷ್ಟೇ ಮೊದಲು ನೋಡಿದ್ದವರು. ಆಮೇಲೆ ಕೆಂಪು ಧೂಳು. ಕಿಟಕಿ ತೆರೆದರೆ ಹಲ್ಲಿಗೆ, ರೆಪ್ಪೆಗೆ, ಬುತ್ತಿಯ ಗಂಟಿಗೆ ಕೆಂಪು. "ಅವರು ಮುಚ್ಚು ಮುಚ್ಚು ಅಂತಾರೆ. ನಾನು ಮುಚ್ಚಲಿಲ್ಲ. ಬಯಲು ಕಣವ್ವ, ಎಲ್ಲಿ ನೋಡಿದ್ರೂ ಬಯಲು. ನಮ್ಮ ಕಣ್ಣಿಗೆ ಅಷ್ಟು ದೂರ ನೋಡಿ ಅಭ್ಯಾಸವೇ ಇಲ್ಲ, ಯಾವ ಕಡೆ ತಿರುಗಿದ್ರೂ ಒಂದು ಗುಡ್ಡ ಅಡ್ಡ ಬತ್ತದಲ್ಲ. ಅಲ್ಲಿ ಅಡ್ಡ ಏನೂ ಇಲ್ಲ. ಜಿರಾಫೆಗಳು ರೈಲು ನೋಡ್ಕಂಡು ನಿಂತಿದ್ವು, ಮದುವೆ ದಿಬ್ಬಣ ನೋಡೋಕೆ ಬಂದವರಂಗೆ." ಬಾವಿಕಟ್ಟೆಗೆ ಸಿಗದ ಸಿಂಹವೂ ನನಗೆ ಸಿಕ್ಕಿತು. ಮಲಗಿತ್ತಂತೆ, ಆಕಳಿಸಿತಂತೆ, ಅಷ್ಟೇ. ಅಷ್ಟು ಹೇಳಿ ಕೆಮ್ಮುತ್ತಾ ನಕ್ಕರು.

ಒಂದು ದಿನ, "ಆ ಹೆಸರು ಕೂಗು ನೋಡಾನ," ಎಂದರು.

"ಅಬ್ವೋಲಿ."

"ಥೂ. ನಿನ್ನ ಬಾಯಲ್ಲಿ ಅದು ಸಾರಿನಪುಡಿ ಹೆಸರಿನಂಗೆ ಕೇಳ್ತದೆ. ಗಂಟಲಿಂದಲ್ಲ, ತುಟೀಲಿ ಹೇಳು. ಇನ್ನೊಂದ್ಸಲ."

ಇನ್ನೊಂದು ಸಲ ಕೂಗಿದೆ. "ಹೂಂ," ಎಂದು ಓಗೊಟ್ಟು ಕಣ್ಣು ಮುಚ್ಚಿದರು. ಯಾರ ಧ್ವನಿ ಕೇಳಿಸಿಕೊಂಡರೋ. ನನ್ನದಲ್ಲ ಎಂಬುದು ಮಾತ್ರ ನನಗೆ ಗೊತ್ತಾಯಿತು, ಆಗಲೂ ಹೊಟ್ಟೆ ಉರಿಯಿತು.

ರೈಲು ನೈರೋಬಿ ದಾಟಿತು. ಮೇಲೆ ಏರಿತು, ಚಳಿಯಾಯಿತು, ಭೂಮಿಯ ಸರಿಯಾದ ನಡುಗೆರೆ ಇದೇ ಎನ್ನುವ ಒಂದು ಬೋರ್ಡು ಬಂತು, ರೈಟರ್ ಕಂಬಳಿ ಹೊದಿಸಿದರು. ನನಗೆ ಅನುಮಾನ ಬಂದಿತ್ತು: ಇವರು ಬೇಕೆಂದೇ ನಿಧಾನ ಮಾಡುತ್ತಿದ್ದಾರೆ. ಒಂದು ದಿನ ಇಡೀ ಒಂದು ಸ್ಟೇಷನ್ನಿನಲ್ಲೇ ನಿಲ್ಲಿಸಿ ಅಲ್ಲಿ ಮಾರುತ್ತಿದ್ದ ಜೋಳದ ತೆನೆಯ ಬಗ್ಗೆಯೇ ಹೇಳಿದರು. ಮುಗಿದರೆ ನಾನು ನಾಳೆ ಬರುವುದಿಲ್ಲ ಎಂದುಕೊಂಡಿದ್ದರೋ ಏನೋ. ನಾನೂ ಅವಸರ ಮಾಡಲಿಲ್ಲ. ಗಂಜಿ ಆರುತ್ತಿತ್ತು.

"ಇನ್ನು ಟೊರೊರೊ," ಎಂದರು ಕೊನೆಯ ಸಂಜೆ. "ಅಲ್ಲೊಂದು ದೊಡ್ಡ ಬಂಡೆ. ಬಯಲಲ್ಲಿ ಒಂದೇ ಒಂದು, ಯಾರೋ ತಂದು ಇಟ್ಟಂಗೆ. ಅದು ಕಂಡ್ರೆ ದೇಶ ಬಂತು ಅಂತ. ಕಾಣ್ತದಾ?"

ಅವರ ಕಿಟಕಿಯಿಂದ ಕಣ ಕಾಣುತ್ತಿತ್ತು, ಹರಡಿದ ಕಾಫಿ ಕಾಣುತ್ತಿತ್ತು.

"ಇನ್ನೂ ಇಲ್ಲ ದೊಡ್ಡಮ್ಮ."

"ಕಾಣ್ತದೆ ಬಿಡು. ಏನಾತುರ ನಿಂಗೆ."

ಮಾರನೆಯ ದಿನ ನಾನು ಶಾಲೆಯಲ್ಲಿದ್ದಾಗ ಹೋದರು. ಅವರ ದೇಶದ ಒಳಗೆ ನನ್ನನ್ನು ಕರೆದುಕೊಂಡು ಹೋಗಲಿಲ್ಲ. ಹೊಲಿಗೆ ಟೀಚರನ್ನು, ಒಣಮೀನಿನ ಬಡಗಿಯನ್ನು ಒಂದೇ ಮಧ್ಯಾಹ್ನದಲ್ಲಿ ಊರು ಮುಟ್ಟಿಸಿದವರು ನನ್ನನ್ನು ಗಡಿಯ ಈಚೆಗೇ ನಿಲ್ಲಿಸಿದರು. ಆದರೆ ಆ ರೈಲಿನಲ್ಲಿ ಅವರ ಪಕ್ಕದಲ್ಲಿ ಕೂತವರು ರೈಟರನ್ನು ಬಿಟ್ಟರೆ ನಾನೊಬ್ಬಳೇ.

ಅವರು ಸತ್ತ ವರ್ಷವೇ ಸೋಮವಾರಪೇಟೆಯ ಕಡೆಯ ಒಂದು ಹೊಸ ಮದುಮಗಳು ಬಂದಳು. ಗಂಡ ಜಿಂಜಾ ಎಂಬ ಊರಿನಲ್ಲಿ ಗುಮಾಸ್ತ. ಉಗಾಂಡದ ದೊಡ್ಡಮ್ಮನ ಮನೆ ಯಾವುದು ಎಂದು ಕೇಳಿದಳು. ಇನ್ನಿಲ್ಲ ಎಂದು ಅತ್ತಿಗೆ ಹೇಳಿದಾಗ ಹುಡುಗಿಯ ಮುಖ ಸಣ್ಣಗಾಯಿತು. ಪೆಟ್ಟಿಗೆಯನ್ನು ನಮ್ಮ ಜಗಲಿಗೆ ತರಿಸಿದೆ. ಬೇಲಿಯ ಸಂದಿಯಿಂದ ಅಷ್ಟು ವರ್ಷ ಸಂಪಾದಿಸಿದ್ದನ್ನೆಲ್ಲ ಹೇಳಿದೆ. ಧೂಳಿನ ಹುಳ, ಸೊಳ್ಳೆಪರದೆ, ಎರಡು ಮಳೆಗಾಲ, ಬಾಳೆಎಲೆಯ ಊಟ, ಬುಟ್ಟಿಯ ರಾಗಿ, ಆಚೆ ದಡವಿಲ್ಲದ ಕೆರೆ. ಅವಳಿಗೆ ತುಂಬ ಉಪಯೋಗವಾಯಿತು. ನಾನು ಅಲ್ಲಿ ಎಷ್ಟು ವರ್ಷ ಇದ್ದೆ ಎಂದು ಅವಳು ಕೇಳಲಿಲ್ಲ, ನಾನು ಹೇಳಲೂ ಇಲ್ಲ. ಹೊರಡುವಾಗ ಬೀಗ ಹಾಕುತ್ತಾ, ಚಿಕ್ಕ ಹುಡುಗಿ, ಕಣ್ಣು ಅರಳಿಸಿ ಕೇಳಿದಳು:

"ಮೊಂಬಾಸಾದಿಂದ ಎರಡು ಮೂರು ದಿನದ ರೈಲಂತೆ ಅಕ್ಕ. ದಾರೀಲಿ ನೋಡೋಕೆ ಏನಾದ್ರೂ ಇರ್ತದಾ?"

"ಏನೂ ಇಲ್ಲಮ್ಮ," ಎಂದೆ. "ಬರೀ ಧೂಳು. ಕಿಟಕಿ ಮುಚ್ಚಿಕೊಂಡು ಮಲಗಿಬಿಡು."